ನಾಲ್ಕು ಬ್ಲೇಡಿನಷ್ಟು ಸಂದು

ಕಳೆದ ವಾರ ಹುಲ್ಲು ಕತ್ತರಿಸುವ ಯಂತ್ರ ಸ್ಟಾರ್ಟ್ ಆಗಲಿಲ್ಲವೆಂದು ಕೆಲಸದವನು ಅದರ ಸ್ಪಾರ್ಕ್ ಪ್ಲಗ್ ಬಿಚ್ಚಿ ಜಗಲಿಯ ಮೇಲಿಟ್ಟು ಚಹಾಕ್ಕೆ ಹೋಗಿದ್ದ. ನಾನು ಕುರ್ಚಿಯಿಂದ ಬಗ್ಗಿ ಅದನ್ನೆತ್ತಿ ಮೂಗಿಗೆ ಹಿಡಿದೆ. ಪೆಟ್ರೋಲಿನಲ್ಲಿ ನೆನೆದ ಮಸಿಯ ವಾಸನೆ... ಈ ವಯಸ್ಸಿನಲ್ಲಿ ನನ್ನ ಮೂಗಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಹಾಲು ಸೀದರೂ ಗೊತ್ತಾಗುವುದಿಲ್ಲವೆಂದು ಮಗಳು ಬೈಯುವುದುಂಟು. ಇದು ಮಾತ್ರ ನೇರ ಒಳಗೆ ಹೋಯಿತು. ಕಡಬದ ನನ್ನ ಸೈಕಲ್ ಶಾಪಿನ ಎದುರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇಂಥದೇ ಒಂದು ಪ್ಲಗ್ಗನ್ನು ಮೂಸಿ, "ಪೆಟ್ರೋಲ್ ಜಾಸ್ತಿ ಹೋಗ್ತಾ ಉಂಟು ಇದಕ್ಕೆ" ಎಂದ ಹೆಂಗಸೊಬ್ಬರು ಕಣ್ಣ ಮುಂದೆ ಬಂದು ನಿಂತರು. ಊರಿಗೆಲ್ಲ ಅವರು ನರ್ಸಮ್ಮ. ನನಗೂ ನರ್ಸಮ್ಮನೇ.

ಅವರ ಬಗ್ಗೆ ಬರೆಯಲು ಹೊರಟರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ಇಷ್ಟು ವರ್ಷ ಬರೆಯದೆ ಉಳಿದದ್ದು ಅದಕ್ಕೇ.

ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೈದು ದಾಟಿತ್ತು. ನರ್ಸಮ್ಮ ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಹೆರಿಗೆ ಮಾಡಿಸಲೆಂದು ಸರಕಾರ ನೇಮಿಸಿದ್ದ ಅವರಿಗೆ ಕಡಬದ ಸುತ್ತಲಿನ ಹಳ್ಳಿಗಳೆಲ್ಲ ಸೇರಿದ್ದವು. ಬಸ್ಸು ದಿನಕ್ಕೆರಡು, ಅದೂ ದೊಡ್ಡ ರಸ್ತೆಯಲ್ಲಿ ಮಾತ್ರ. ಉಳಿದದ್ದೆಲ್ಲ ನಡಿಗೆ. ನಡೆದೂ ನಡೆದೂ ಅವರ ಒಂದು ಮೊಣಕಾಲು ಯಾವಾಗಲೂ ಊದಿಕೊಂಡಿರುತ್ತಿತ್ತು. ಗಂಡ ಸಣ್ಣ ಪ್ರಾಯದಲ್ಲೇ ತೀರಿಕೊಂಡಿದ್ದರೆಂದು ಯಾರೋ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ಒಂದು ದಿನ ನನ್ನಲ್ಲಿ ಬಾಡಿಗೆಗೆ ಸೈಕಲ್ ಒಯ್ದ ನರ್ಸಮ್ಮ ಮಧ್ಯಾಹ್ನ ಅದನ್ನು ತಳ್ಳಿಕೊಂಡೇ ಬಂದರು. ಗಿಡ್ಡ ಜೀವ, ಸೀಟನ್ನು ಎಷ್ಟು ಇಳಿಸಿದರೂ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು, "ಈ ಊರಿನ ಏರಿನಲ್ಲಿ ಸೈಕಲೇ ಮನುಷ್ಯನ ಮೇಲೆ ಕೂತ್ಕೊಂಡು ಹೋಗುದು ಮಾರಾಯ," ಎಂದರು. ಆಮೇಲೆ, "ಒಂದು ಸಣ್ಣ ಇಂಜಿನ್ ಕಟ್ಟಿದ್ರೆ ಆಗುದಿಲ್ವಾ ಇದಕ್ಕೆ?" ಎಂದು ಕೇಳಿದರು.

ತಮಾಷೆಗೆ ಕೇಳಿದ್ದಲ್ಲವೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ತಲೆಯೊಳಗೆ ಆ ಹುಳ ಹೊಕ್ಕಿತು. ನಮ್ಮ ಮನೆಯ ಪಂಪಿಗೆ ದೊಡ್ಡ ಡೀಸೆಲ್ ಇಂಜಿನ್ ಬಂದ ಮೇಲೆ ಹಳೆಯ ಸಣ್ಣ ಪೆಟ್ರೋಲ್ ಇಂಜಿನ್ ಒಂದು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ತಂದೆ. ಸೈಕಲ್ಲಿನ ಚೌಕಟ್ಟು ಅದರ ಭಾರ ತಡೆಯುವಂತಿರಲಿಲ್ಲ. ನೀರಿನ ಪೈಪಿಗೆ ಮರಳು ತುಂಬಿಸಿ, ಆಚಾರಿಯ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದೆವು. ಸೀರೆ ಉಟ್ಟವರು ಕೂರಬೇಕಲ್ಲ, ಅದಕ್ಕೆ ನಡುವಿನ ಪೈಪನ್ನು ಪಾದದ ಮಟ್ಟಕ್ಕೆ ಇಳಿಸಿದೆ. ಮಂಗಳೂರಿನ ಗುಜರಿಯಿಂದ ಸ್ಕೂಟರಿನ ಎರಡು ಪುಟ್ಟ ಚಕ್ರಗಳು ಬಂದವು. ಅಕ್ಕಿ ಮಿಲ್ಲಿನ ಹಳೆಯ ಬೆಲ್ಟು, ಸೈಕಲ್ಲಿನ ಚೈನು. ಹಿಡಿ ಎಳೆದರೆ ಬೆಲ್ಟು ಬಿಗಿಯಾಗಿ ಗಾಡಿ ಚಲಿಸುವುದು, ಬಿಟ್ಟರೆ ಸಡಿಲವಾಗಿ ನಿಲ್ಲುವುದು. ಸೀಟನ್ನು ನರ್ಸಮ್ಮನೇ ರೆಕ್ಸಿನ್ ತುಂಡಿನಿಂದ ಹೊಲಿದರು. ನಾಲ್ಕು ತಿಂಗಳು ಹಿಡಿಯಿತು. ಬಿಡುವಿದ್ದಾಗಲೆಲ್ಲ ಬಂದು ಪಕ್ಕದಲ್ಲಿ ಊದಿದ ಕಾಲು ಚಾಚಿ ಕೂತು ಪ್ರತಿಯೊಂದನ್ನೂ ಕೇಳಿ ತಿಳಿಯುತ್ತಿದ್ದರು.

ಮೊದಲ ಸಲ ಶಾಲೆಯ ಮೈದಾನದಲ್ಲಿ ಹತ್ತಿದಾಗ ನಿಲ್ಲಿಸುವುದು ಮರೆತು ನೇರ ಬೇಲಿಯೊಳಗೆ ಹೋದರು. ಕೈಯೆಲ್ಲ ತರಚಿತ್ತು. ಎದ್ದು ಬಂದು ನಗುತ್ತಾ, "ಬ್ರೇಕ್ ಎಲ್ಲುಂಟು ಅಂತ ಈಗ ಸರಿಯಾಗಿ ಗೊತ್ತಾಯ್ತು," ಎಂದರು.

ಕಟ್ಟಿದ್ದು ಸುಲಭ, ಅದನ್ನು ಹದಕ್ಕೆ ತಂದದ್ದು ಕಷ್ಟ. ಏರಿನಲ್ಲಿ ಉಸಿರು ಕಟ್ಟುವುದು, ಇಳಿಜಾರಿನಲ್ಲಿ ಢಬ್ಬೆಂದು ಹೊಡೆಯುವುದು. ನರ್ಸಮ್ಮನ ಬಳಿ ಬಸುರಿಯ ಹೊಟ್ಟೆಗೆ ಇಟ್ಟು ಮಗುವಿನ ಎದೆಬಡಿತ ಕೇಳುವ ಮರದ ಕೊಳವೆ ಇತ್ತು. ಅಂಚು ಒಡೆದ ಹಳೆಯದೊಂದನ್ನು ತಂದು ಇಂಜಿನ್ನಿನ ಮೈಗೆ ಒತ್ತಿ ಕಿವಿಗೊಡುತ್ತಿದ್ದರು. "ಇಲ್ಲಿ ಒಂದು ಬಡಿತ ತಪ್ತಾ ಉಂಟು, ನೋಡು." ನೋಡಿದರೆ ನಿಜ. ಅಂಥ ಕಿವಿ ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಕಿಡಿ ಕೊಡುವ ಪಾಯಿಂಟಿನ ಕೆಲಸ ಅವರಿಗೆ ನಾನು ಕಲಿಸಿದ್ದು. ಇಂಜಿನ್ನಿನ ತಿರುಗುವ ಚಕ್ರದಲ್ಲಿ ಒಂದು ಕಿಟಕಿಯಿತ್ತು. ಅದರೊಳಗೆ ಎರಡು ಸಣ್ಣ ಲೋಹದ ತುದಿಗಳು ಕೂಡಿ ಬಿಡುತ್ತಾ ಇರುತ್ತವೆ. ಬಿಟ್ಟಾಗ ನಡುವೆ ಇರಬೇಕಾದ ಸಂದು ಕ್ಷೌರದ ನಾಲ್ಕು ಬ್ಲೇಡು ಜೋಡಿಸಿದಷ್ಟು. ಹೆಚ್ಚಾಗಬಾರದು, ಕಮ್ಮಿಯಾಗಬಾರದು. "ಸ್ಕ್ರೂ ಬಿಗಿಯಾಗಿದ್ರೆ ಇದು ತನ್ನಷ್ಟಕ್ಕೆ ಸರಿಯುದಿಲ್ಲ ನರ್ಸಮ್ಮ. ತಿಂಗಳಿಗೊಮ್ಮೆ ನೋಡಿದ್ರೆ ಸಾಕು," ಎಂದಿದ್ದೆ. ಅವರು ನಾಲ್ಕು ಬ್ಲೇಡುಗಳನ್ನು ಕಾಗದದಲ್ಲಿ ಸುತ್ತಿ ಹೆರಿಗೆಯ ಚೀಲದಲ್ಲೇ ಇಟ್ಟುಕೊಂಡರು.

ಗಾಡಿ ಓಡಿತು. ಪೆರಾಬೆಗೆ, ಅದರಾಚೆಗೆ, ಜೀಪು ಹೋಗದ ಕಡೆಗೂ. ಹ್ಯಾಂಡಲ್ಲಿಗೆ ಚೀಲ ಕಟ್ಟಿಕೊಂಡು ಬಿಳಿ ಸೀರೆಯ ನರ್ಸಮ್ಮ ಬಂದರೆ ಮಕ್ಕಳು ಹಿಂದೆ ಓಡುತ್ತಿದ್ದರು. ನಂಬರಿಲ್ಲದ ಗಾಡಿಯನ್ನು ಪೊಲೀಸಿನವನು ಕಂಡೂ ಕಾಣದ ಹಾಗಿದ್ದ. ಅವನ ಮೂರು ಮಕ್ಕಳ ಹೆರಿಗೆ ಮಾಡಿಸಿದ್ದು ಅವರೇ. ದಿನಾ ಬೆಳಿಗ್ಗೆ ನನ್ನ ಅಂಗಡಿಯೆದುರು ಎರಡು ನಿಮಿಷ ನಿಲ್ಲಿಸಿ, ಚೈನು ನೋಡಿಸಿ, ಎರಡು ಮಾತಾಡಿ ಹೋಗುತ್ತಿದ್ದರು. ನನಗದು ಬಹಳ ಹೆಮ್ಮೆ. ಸುಳ್ಳು ಹೇಳುವುದಿಲ್ಲ.

ಆ ವರ್ಷವೇ ಐವರ್ನಾಡಿನಿಂದ ನನಗೊಂದು ಸಂಬಂಧ ಬಂತು. ಮಾತುಕತೆ ನಡೆಸುತ್ತಿದ್ದ ಸೋದರಮಾವ ಒಂದು ಸಂಜೆ ಅಂಗಡಿಗೆ ಬಂದು ಸ್ವರ ತಗ್ಗಿಸಿ ಹೇಳಿದರು.

"ಹುಡುಗಿ ಕಡೆಯವರು ಆ ಗಾಡಿಯ ವಿಷಯ ಕೇಳಿದ್ರು ಮಾರಾಯ. ನರ್ಸಿಗೆ ಗಾಡಿ ಕಟ್ಟಿ ಕೊಟ್ಟದ್ದು ಇವನೇನಾ ಅಂತ. ನಾನು ಎಂತ ಹೇಳುದು?"

"ಹೌದು ಅಂತ ಹೇಳುದು ಮಾವ. ಅದರಲ್ಲಿ ಎಂತ ಉಂಟು?"

"ಎಂತದೂ ಇಲ್ಲ ಅಂತ ನನಗೆ ಗೊತ್ತುಂಟು. ಗಂಡ ಇಲ್ಲದ ಹೆಂಗಸು ದಿನಾ ನಿನ್ನ ಅಂಗಡಿ ಎದುರು ನಿಂತ್ರೆ ಅವರಿಗೆ ಹೇಗೆ ಗೊತ್ತಾಗುದು? ಮದುವೆ ಕಳಿಯುವವರೆಗೆ ಆ ಗಾಡಿ ಒಂದು ನಿಲ್ಲಲಿ."

ನರ್ಸಮ್ಮನಿಗೆ ನಾನು ನೇರ ಹೇಳಬಹುದಿತ್ತು. ಕೆಲವು ದಿನ ಅಂಗಡಿಯ ಕಡೆ ಬರಬೇಡಿ ಎಂದರೆ ಅವರು ಅರ್ಥ ಮಾಡಿಕೊಳ್ಳದಿರುವವರಲ್ಲ. ಅಷ್ಟು ಹೇಳಲು ನನಗೆ ಧೈರ್ಯ ಬರಲಿಲ್ಲ. ಅವರ ಕಣ್ಣಿನಲ್ಲಿ ಸಣ್ಣವನಾಗಲು ಇಷ್ಟವಿರಲಿಲ್ಲ. ಮರುದಿನ ಚೈನು ಬಿಗಿಮಾಡಲೆಂದು ಗಾಡಿ ಬಿಟ್ಟು ಹೋದರು. ಚೈನು ಬಿಗಿಮಾಡಿದೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಕಿಟಕಿಯೊಳಗೆ ಕೈ ಹಾಕಿ ಪಾಯಿಂಟಿನ ಸಂದನ್ನು ಕಿರಿದು ಮಾಡಿದೆ. ಒಂದು ಬ್ಲೇಡು ಹೋಗುವಷ್ಟು ಉಳಿಸಿದೆ. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಹಾಗೆ ಮಾಡಿದರೆ ಇಂಜಿನ್ ಸ್ಟಾರ್ಟ್ ಆಗುತ್ತದೆ. ಎರಡು ಮೈಲಿ ಹೋಗಿ ಬಿಸಿಯಾದ ಮೇಲೆ ನಿಲ್ಲುತ್ತದೆ. ನರ್ಸಮ್ಮ ತಳ್ಳಿಕೊಂಡು ಬಂದರು. "ಹಳೇ ಇಂಜಿನ್ ಅಲ್ವಾ, ಅದರ ಆಯುಷ್ಯ ಆಯ್ತು," ಎಂದೆ. ನಂಬಿದರು. "ಇನ್ನೊಂದು ಸ್ವಲ್ಪ ನೋಡು ಮಾರಾಯ," ಎಂದು ಬಿಟ್ಟು ಹೋದರು. ನಾನು ನೋಡಿದ ಹಾಗೆ ಮಾಡಿ ಹಾಗೆಯೇ ಕೊಟ್ಟೆ. ಮತ್ತೊಮ್ಮೆ ತಳ್ಳಿಕೊಂಡು ಬಂದರು...

ಮೂರನೆಯ ಸಲ ಅವರು ಹೋಗಿದ್ದು ಪೆರಾಬೆಗೆ, ಹೆರಿಗೆಗೆ. ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಅದನ್ನು ಯಾರದೋ ಅಂಗಳದಲ್ಲಿಟ್ಟು, ಚೀಲ ಹೊತ್ತು, ಊದಿದ ಕಾಲಿನಲ್ಲಿ ಓಡಿದ ಹಾಗೆ ನಡೆದರಂತೆ. ಮುಟ್ಟುವಾಗ ಮಗು ಹುಟ್ಟಿಯಾಗಿತ್ತು. ನೆರೆಮನೆಯ ಅಜ್ಜಿ ಹೊಕ್ಕುಳಬಳ್ಳಿ ಕಟ್ಟಿದ್ದಳು. ತಾಯಿ ಮಗು ಇಬ್ಬರೂ ಕ್ಷೇಮ. ಬರುವಾಗ ಗಾಡಿಯನ್ನು ಉರಿಬಿಸಿಲಿನಲ್ಲಿ ಕಡಬದವರೆಗೆ ತಳ್ಳಿದ್ದರು. ಬೆಂಚಿನ ಮೇಲೆ ಕೂತು ನೀರು ಕುಡಿದರು. ಒಂದು ಚಪ್ಪಲಿಯ ಬಾರು ಕಿತ್ತುಹೋಗಿತ್ತು.

"ಎಂತದೂ ಆಗ್ಲಿಲ್ಲ," ಎಂದರು. "ಆದ್ರೆ ದಾರಿಯಲ್ಲಿ ತುಂಬ ಹೆದರಿಕೆ ಆಯ್ತು."

ಎಂತದೂ ಆಗಲಿಲ್ಲ. ಆ ಮಾತಿನ ಮರೆಯಲ್ಲಿ ನಾನು ಎಷ್ಟೋ ವರ್ಷ ಅಡಗಿ ಕೂತಿದ್ದೆ.

ನಂತರ ಅವರು ಸ್ಕ್ರೂಡ್ರೈವರ್ ಕೇಳಿದರು. ನಾನು ನೋಡುತ್ತೇನೆ ಎಂದೆ. "ನೀನು ಎರಡು ಸಲ ನೋಡಿಯಾಯ್ತಲ್ಲ, ನಾನೊಮ್ಮೆ ನೋಡ್ತೇನೆ," ಎಂದು ಗಾಡಿಯ ಪಕ್ಕ ಕೂತರು. ನಾನು ಒಂದು ಚಕ್ರದ ಕಡ್ಡಿ ಬಿಗಿಯುತ್ತಿದ್ದೆ. ತಲೆ ಎತ್ತಲಿಲ್ಲ. ಚೀಲ ತೆರೆದ ಸದ್ದು, ಕಾಗದ ಬಿಚ್ಚಿದ ಸದ್ದು ಕೇಳಿಸಿತು. ಆಮೇಲೆ ಕಿಟಕಿಯೊಳಗೆ ಬ್ಲೇಡು ಲೋಹಕ್ಕೆ ತಾಗಿದ ಸದ್ದು. ಕೊನೆಗೆ ಸ್ಕ್ರೂ ತಿರುಗಿತು. ಸ್ಟಾರ್ಟ್ ಮಾಡುವ ಹಗ್ಗ ಸುತ್ತಿ ಒಂದೇ ಎಳೆತ. ಇಂಜಿನ್ ಹೊಸದರ ಹಾಗೆ ಹೊಡೆದುಕೊಂಡಿತು. ಸ್ವಲ್ಪ ಓಡಿಸಿ ನಿಲ್ಲಿಸಿದರು.

"ಇದು ತನ್ನಷ್ಟಕ್ಕೆ ಸರಿಯುದಿಲ್ಲ ಅಂತ ಹೇಳಿದ್ದು ನೀವೇ ಅಲ್ವಾ," ಎಂದರು.

ಅಲ್ಲಿಯವರೆಗೆ ಅವರು ನನ್ನನ್ನು ನೀವು ಎಂದದ್ದಿಲ್ಲ. ತಮ್ಮನಿಗೆ ಹೇಳುವ ಹಾಗೆ ನೀನು, ಮಾರಾಯ, ಅಷ್ಟೇ. ನಾನು ಕಡ್ಡಿ ಬಿಗಿಯುತ್ತಲೇ ಇದ್ದೆ.

"ಬೇಡ ಅಂತ ಒಂದು ಮಾತು ಹೇಳಿದ್ರೆ ನಾನೇ ನಿಲ್ಲಿಸ್ತಿದ್ದೆ." ಬ್ಲೇಡುಗಳನ್ನು ಮೊದಲಿನಂತೆ ಸುತ್ತಿ ಒಳಗಿಟ್ಟು, ಸ್ಕ್ರೂಡ್ರೈವರನ್ನು ಒರೆಸಿ ಬೆಂಚಿನ ಮೇಲಿಟ್ಟು ಹೋದರು.

ಮತ್ತೆ ಅಂಗಡಿಯೆದುರು ಗಾಡಿ ನಿಲ್ಲಲಿಲ್ಲ. ನಾನು ಬಯಸಿದ್ದು ಅದನ್ನೇ ತಾನೆ. ದಿನಾ ಬೆಳಿಗ್ಗೆ ಆ ಸದ್ದು ತಿರುವಿನಲ್ಲಿ ಹುಟ್ಟಿ, ಅಂಗಡಿ ದಾಟಿ, ಏರಿನತ್ತ ಹೋಗುತ್ತಿತ್ತು. ಎಲ್ಲವನ್ನೂ ಅವರೇ ಮಾಡಿಕೊಳ್ಳುತ್ತಿದ್ದರು. ಒಂದು ಬಡಿತವೂ ತಪ್ಪುತ್ತಿರಲಿಲ್ಲ. ನನ್ನ ಕೈಯಲ್ಲಿದ್ದಾಗಲೂ ಅದು ಅಷ್ಟು ಚೆನ್ನಾಗಿ ಓಡಿರಲಿಲ್ಲ.

ಮದುವೆಯಾಯಿತು. ಬಂದು ಹತ್ತು ದಿನವಾಗಿರಬಹುದು, ಹೆಂಡತಿ ಕೇಳಿದಳು. "ಆ ನರ್ಸಮ್ಮನ ಗಾಡಿ ನೀವೇ ಕಟ್ಟಿದ್ದಂತಲ್ಲ. ನಮ್ಮಪ್ಪನ ಹತ್ರ ಹೇಳಿ ನಿಮ್ಮ ಮಾವನಲ್ಲಿ ಕೇಳಿಸಿದ್ದು ನಾನೇ. ಹೌದು ಅಂತಾದ್ರೆ ಈ ಹುಡುಗ ಆದೀತು ಅಂತ ನನಗೆ ಕಂಡದ್ದು."

ಮಾವ ತಂದಿದ್ದ ಆ ಪ್ರಶ್ನೆಯಲ್ಲಿ ಸಂಶಯವೇ ಇರಲಿಲ್ಲ ಎಂದು ಆಗ ತಿಳಿಯಿತು. ಆಗಲಾದರೂ ನಿಜ ಹೇಳಬಹುದಿತ್ತು. ಕಟ್ಟಿದ್ದನ್ನು ಒಪ್ಪಿದರೆ ಕೆಡಿಸಿದ್ದನ್ನೂ ಹೇಳಬೇಕಾದೀತೆಂದು ಹೆದರಿದೆ. "ಆಚಾರಿ ಕಟ್ಟಿದ್ದು. ನಾನು ಬೋಲ್ಟು ಬಿಗಿದದ್ದು ಅಷ್ಟೇ," ಎಂದುಬಿಟ್ಟೆ. ಅವಳ ಮುಖ ಸ್ವಲ್ಪ ಸಪ್ಪಗಾಯಿತು. ಮತ್ತೆ ಕೇಳಲಿಲ್ಲ.

ಮೊದಲ ಹೆರಿಗೆಗೆ ತವರಿಗೆ ಹೋಗಬೇಕಾಗಿದ್ದವಳಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ನನ್ನ ಅಣ್ಣ ನರ್ಸಮ್ಮನಿಗೆ ಹೇಳಲು ಓಡಿದ. ಅವನು ವಾಪಸು ಮನೆ ಮುಟ್ಟುವ ಮೊದಲೇ ಆ ಸದ್ದು ಅಂಗಳಕ್ಕೆ ಬಂದಿತ್ತು. ಗಾಡಿ ನಿಲ್ಲಿಸಿ, ನನ್ನತ್ತ ಒಮ್ಮೆ ತಲೆಯಾಡಿಸಿ, ಒಳಗೆ ಹೋದರು. ನಾನು ಹೊರಗೆ ಗಾಡಿಯ ಹತ್ತಿರ ನಿಂತೆ. ಚೈನು ಸ್ವಲ್ಪ ಸಡಿಲವಿತ್ತು. ಕೈ ಹೋಗಲಿಲ್ಲ. ಪಾಯಿಂಟಿನ ಕಿಟಕಿಗೆ ದಪ್ಪ ಮೇಣದ ಬಟ್ಟೆಯ ಮುಚ್ಚಳವೊಂದನ್ನು ಹೊಲಿದು, ದಾರದಿಂದ ಬಿಗಿಯಾಗಿ ಗಂಟು ಹಾಕಿದ್ದರು. ಮಳೆಯ ನೀರು ಹೋಗಬಾರದೆಂದೋ, ನನ್ನಂಥವರ ಕೈ ಹೋಗಬಾರದೆಂದೋ...

ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂದರು. "ಹೆಣ್ಣು. ಇಬ್ಬರೂ ಹುಷಾರಿದ್ದಾರೆ."

"ನರ್ಸಮ್ಮ," ಎಂದೆ.

ಅವರು ನಿಂತರು. ನಿಜವಾಗಿ ಕಾದರು. ಚೀಲ ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು, "ಕಾಫಿ ಕುಡಿದು ಹೋಗಿ," ಎಂದೆ.

"ಬೇಡ. ಇನ್ನೊಂದು ಕಡೆ ಹೋಗ್ಲಿಕ್ಕುಂಟು," ಎಂದು ಹಗ್ಗ ಎಳೆದರು.

ಮರುವರ್ಷ ಅವರಿಗೆ ಘಟ್ಟದ ಮೇಲೆ ವರ್ಗವಾಯಿತು. ಬಸ್ಸಿನ ಮೇಲೆ ಗಾಡಿ ಹತ್ತಿಸಲು ಅರ್ಧ ಊರೇ ಸೇರಿತ್ತಂತೆ. ಆ ದಿನ ನಾನು ಅಂಗಡಿ ತೆರೆಯಲಿಲ್ಲ. ಜ್ವರವೆಂದು ಹೇಳಿ ಮಲಗಿದ್ದೆ. ಬಹಳ ವರ್ಷಗಳ ನಂತರ, ಹಿಂದೆ ಕಡಬದ ಆಸ್ಪತ್ರೆಯಲ್ಲಿದ್ದ ಕಂಪೌಂಡರ್ ಒಬ್ಬರು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಮಾತಿಗೆ ಮಾತು ಬಂದು, ನರ್ಸಮ್ಮ ತಮ್ಮನ ಮನೆಯಲ್ಲಿ ತೀರಿಕೊಂಡು ಎರಡು ವರ್ಷವಾಯಿತೆಂದರು. ಗಾಡಿ ಏನಾಯಿತೆಂದು ಅವರಿಗೆ ಗೊತ್ತಿರಲಿಲ್ಲ.

ಹೆಂಡತಿ ಹೋಗಿ ಈಗ ಎಂಟು ವರ್ಷ. ಅಂದು ಹುಟ್ಟಿದ ಮಗಳೇ ಈಗ ನನ್ನನ್ನು ನೋಡಿಕೊಳ್ಳುವವಳು. ಅವಳ ಕೂದಲೂ ಪೂರ್ತಿ ಬೆಳ್ಳಗಾಗಿದೆ. ಮೊನ್ನೆ ಸಂಜೆ ಇದನ್ನೆಲ್ಲ ಅವಳಿಗೆ ಹೇಳಿದೆ. ಒಣಗಿದ ಬಟ್ಟೆ ಮಡಚುತ್ತಾ ಕೇಳಿದಳು. ಮುಗಿದ ಮೇಲೆ, "ಅಮ್ಮನಿಗೆ ಗೊತ್ತಿತ್ತಾ?" ಎಂದು ಮಾತ್ರ ಕೇಳಿದಳು.

ಇಲ್ಲ ಎಂದೆ.

ಅವಳು ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಹೇಳಬೇಕಾಗಿದ್ದ ಇಬ್ಬರೂ ಇಲ್ಲದ ಮೇಲೆ ಹೇಳಿದ್ದೇನೆ.