ಕನ್ನಡಿ ಮೇಸ್ತ್ರಿ ಮುಚ್ಚಿದ ಬಿರುಕುಗಳು

ನನ್ನ ಸೋದರಮಾವನಿಗೆ ಊರು ಇಟ್ಟ ಹೆಸರು ಕನ್ನಡಿ ಮೇಸ್ತ್ರಿ. ಅವನು ಗಾರೆ ಬಳಿದ ಗೋಡೆಯ ಮೇಲೆ ನೊಣ ಕೂತರೂ ಜಾರಬೇಕು ಎನ್ನುವುದು ನಮ್ಮ ಮನೆಯ ತಮಾಷೆ. ಹೊಗಳಿದರೆ ಮಾವ ಉಬ್ಬುತ್ತಿದ್ದ. ಉಬ್ಬಲಿ ಬಿಡಿ, ಕೈಯಲ್ಲಿ ಅಂಥ ಕಸುಬಿದ್ದವನಿಗೆ ಅಷ್ಟು ಸೊಕ್ಕಾದರೂ ಬೇಡವೇ?

ಮಕ್ಕಳು ದಡ ಸೇರಿದ ಮೇಲೆ ಅವನು ಒಂದು ಸೇವಾ ತಂಡದ ಜೊತೆ ಪರದೇಶಕ್ಕೆ ಹೋದ. ಕಣ್ಣು ಕಾಣದವರು ಒಟ್ಟಿಗೆ ವಾಸಿಸುವ ಹಳೆಯ ಕಟ್ಟಡಕ್ಕೆ ಸ್ನಾನದ ಮನೆಗಳನ್ನು ಕಟ್ಟಿಕೊಡುವ ಕೆಲಸ. ತಂಡದ ನರ್ಸಿಗೆ ಅಲ್ಲಿನ ಭಾಷೆ ಬರುತ್ತಿತ್ತು.

ಕೆಲಸ ಬೇಗ ಮುಗಿಯಿತು. ಸುಮ್ಮನೆ ಕೂರುವ ಜಾಯಮಾನ ಮಾವನದಲ್ಲ. ಅಲ್ಲಿಯವರು ಎರಡು ದಿನ ಪ್ರವಾಸ ಹೋಗಿದ್ದಾಗ, ಯಾರೂ ಕೇಳದಿದ್ದರೂ, ಉದ್ದನೆಯ ಓಣಿಯಂಥ ಪಡಸಾಲೆಯ ಬಿರುಕುಗಳಿಗೆಲ್ಲ ಪುಟ್ಟಿ ತುಂಬಿ, ಇಡೀ ಗೋಡೆಯನ್ನು ಉಜ್ಜಿ ನುಣುಪು ಮಾಡಿಟ್ಟ. ಬಂದವರಿಗೆ ಖುಷಿಯಾಗಲಿ ಎಂದು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಎರಡನೇ ದಿನ ಸಂಜೆ ಅವರು ಬಂದರು. ಎಂದಿನಂತೆ ಗೋಡೆಗೆ ಅಂಗೈ ಇಟ್ಟು ನಡೆದರು, ನಿಂತುಬಿಟ್ಟರು. ಅಲ್ಲಿ ಬಾಗಿಲುಗಳೆಲ್ಲ ಒಂದೇ ಥರ. ತನ್ನ ಬಾಗಿಲು ಯಾವುದೆಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದದ್ದು ಪಕ್ಕದ ಬಿರುಕು. ಅಂಗೈಗಳು ಗೋಡೆ ಸವರುವ ಸದ್ದೊಂದೇ ಕೇಳುತ್ತಿತ್ತು.

ಒಬ್ಬ ಅಜ್ಜಿ ನರ್ಸಿನ ತೋಳು ಹಿಡಿದು ಕೇಳಿದಳು, “ಇದು ಯಾರ ಮನೆ? ನಮ್ಮನ್ನ ಎಲ್ಲಿಗೆ ಕರ್ಕೊಂಡ್ ಬಂದ್ರಿ?”

“ನಿಮ್ಮದೇ ಮನೆ ಅಜ್ಜಿ.”

“ನಮ್ಮ ಮನೆ ನಂಗೆ ಗೊತ್ತಾಗಲ್ವಾ?”

ಹೊರಗೆ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ತಂಡ ಅದೇ ರಾತ್ರಿ ಊರಿಗೆ ಹೊರಡಬೇಕಿತ್ತು, ವಿಮಾನಕ್ಕೆ ಹೊತ್ತಾಗಿತ್ತು. ನರ್ಸು ಅಜ್ಜಿಯ ಮಾತನ್ನು ಮಾವನಿಗೆ ತಿಳಿಸಿದ್ದು ವ್ಯಾನಿನಲ್ಲಿ.

ಈಗ ಅತ್ತೆ ಕಸ ಗುಡಿಸಿದರೂ ಮಾವ ಬೆಚ್ಚಿಬೀಳುತ್ತಾನೆ. ಅದೇ ಸದ್ದಂತೆ. ಯಾರಾದರೂ ಗೋಡೆಗೆ ಒರಗಿದರೆ ಎದ್ದು ಹೊರಗೆ ಹೋಗುತ್ತಾನೆ. ನನಗೆ ಅವನ ಮೇಲೆ ಸಿಟ್ಟೂ ಬರುತ್ತದೆ, ನೋಡಿದರೆ ಕರುಳೂ ಚುರ್ರೆನ್ನುತ್ತದೆ.

ಮೊನ್ನೆ ನರ್ಸು ಫೋನ್ ಮಾಡಿದ್ದಳು. “ಉಳಿದವರು ಗೋಡೆಗುಂಟ ಹಗ್ಗ ಕಟ್ಟಿ, ಬಾಗಿಲಿಗೊಂದು ಥರ ಗಂಟು ಹಾಕ್ಕೊಂಡು ಹೊಂದ್ಕೊಂಡಿದಾರೆ ಮೇಸ್ತ್ರಿ. ಆ ಅಜ್ಜಿ ಮಾತ್ರ ದಿನಾ ಗೇಟ್ ಹತ್ರ ಹೋಗಿ ಕೂತ್ಕೋತಾರಂತೆ. ಮನೆಗೆ ಬಿಡಿ ಅಂತಾರಂತೆ.”

ಮಾವ ಆಗಲೇ ಉಳಿ ಸುತ್ತಿಗೆ ಹುಡುಕಿ ಚೀಲಕ್ಕೆ ಹಾಕಿದ. “ಬೇರೆ ಏನೂ ಬೇಡ. ಆಯಮ್ಮನ ಬಿರುಕೊಂದನ್ನ ಕೆತ್ತಿಕೊಟ್ಟು ಬಂದ್ಬಿಡ್ತೀನಿ.”

ಅತ್ತೆ ತಡೆಯಲಿಲ್ಲ. ಅವಳೂ ಅವನಷ್ಟೇ ನೊಂದಿದ್ದಳು. “ಹೋಗ್ಬನ್ನಿ. ಅದು ಹೇಗಿತ್ತು? ಉದ್ದಕ್ಕಿತ್ತಾ, ಅಡ್ಡಕ್ಕಿತ್ತಾ?”

ಮಾವ ಕಣ್ಣು ಮುಚ್ಚಿದ. ಬೆರಳುಗಳು ಗಾಳಿಯಲ್ಲಿ ಏನನ್ನೋ ತಡಕಾಡಿದವು.

“ಮುಚ್ಚೋ ಭರದಲ್ಲಿ ನಾನು ಅದನ್ನ ನೋಡ್ಲೇ ಇಲ್ಲ ಕಣೇ,” ಅಂದ.