ಏಳನೇ ಪುಟ

ಮುದ್ರಿತ ಪತ್ರಿಕೆಯ ಭವಿಷ್ಯಕ್ಕಾಗಿ ನಿದ್ದೆಗೆಟ್ಟ ಮಹಾಜನಗಳೇ, ಇಂದು ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡೆ. ಶಾಯಿಯ ವಾಸನೆಗೆ ನಮ್ಮೂರು ಕನ್ನೊಳ್ಳಿಯ ಕಟ್ಟೆ ನೆನಪಾಯಿತು.

ಅಲ್ಲಿಗೆ ಬರುತ್ತಿದ್ದದ್ದು ಒಂದೇ ಪತ್ರಿಕೆ. ಹಾಳೆ ಬಿಡಿಸಿ, ಹಂಚಿಕೊಂಡು ಓದುತ್ತಿದ್ದರು. ಬದುವಿನ ಜಗಳದಿಂದ ಅಜ್ಜನೂ ಪಕ್ಕದ ಹೊಲದ ಕಾಸೀಮಕಾಕಾನೂ ಮಾತು ಬಿಟ್ಟಿದ್ದರು. ಒಮ್ಮೆ ಅಜ್ಜ ಓದುತ್ತಿದ್ದ ಮುಖಪುಟದ ಸುದ್ದಿ ಏಳನೇ ಪುಟಕ್ಕೆ ಮುಂದುವರಿದಿತ್ತು. ಆ ಪುಟ ಕಾಕಾನ ಕೈಯಲ್ಲಿತ್ತು. ಅಜ್ಜ ಕೆಮ್ಮಿ, ಚಡಪಡಿಸಿ, ಕೊನೆಗೆ ಸೋತ.

"ಕಾಸೀಮಾ, ಮುಂದೇನಾತೋ?"

"ಬಾ, ಇಲ್ಲಿ ಕುಂದ್ರು, ಓದಿ ಹೇಳ್ತೇನಿ. ನಮ್ಮ ಬದುವಿನ ಸುದ್ದಿ ಮಾತ್ರ ಇದ್ರಾಗ ಬಂದಿಲ್ಲ ನೋಡಪಾ!"

ಕೈಗೆಲ್ಲ ಶಾಯಿ, ತೆರೆಯಿತು ಬಾಯಿ. ಮೊಬೈಲಿನಲ್ಲಿ ಎಲ್ಲ ಪುಟವೂ ಎಲ್ಲರ ಬಳಿ ಇರುತ್ತದೆ. ಯಾರೂ ಯಾರನ್ನೂ ಕೇಳಬೇಕಿಲ್ಲ.

ಭಾಷಣ ಸಾಕು. ತಮ್ಮನೂ ನಾನೂ ಮಾತು ಬಿಟ್ಟಿದ್ದೇವೆ. ಇಂದಿನ ಪತ್ರಿಕೆಯ ಮುಖಪುಟವನ್ನು ಅವನ ಬಾಗಿಲಿಗೆ ಸಿಕ್ಕಿಸಿ ಬಂದಿದ್ದೇನೆ. ಏಳನೇ ಪುಟ ನನ್ನ ಹತ್ತಿರವಿದೆ.