ಕಾಪು ಶಾಖೆಯ ಒಂಟಿ ಕಂಪ್ಯೂಟರ್

ಶಾಹುಲ್ ಹಮೀದರು ಕೀಲಿಮಣೆಯ ಮೇಲಿನಿಂದ ಕೈ ತೆಗೆದರು. ಎಲ್ಲ ಶಾಖೆಗಳಿಂದಲೂ ಆ್ಯಂಟಿವೈರಸನ್ನು ತೆಗೆದುಹಾಕಲೇ ಎಂದು ಪರದೆ ಕೇಳುತ್ತಿತ್ತು. ಸಹಕಾರ ಸಂಘದ ಅಧ್ಯಕ್ಷ ಕರುಣಾಕರ ಬೆನ್ನ ಹಿಂದೆಯೇ ನಿಂತಿದ್ದರು.

“ಒತ್ತಿ ಸಾಹೇಬ್ರೇ. ಇನ್ನೂ ಎಂತ ಯೋಚನೆ?”

“ಹೊಸ ಬಾಗಿಲು ಬರುವ ಮೊದಲು ಹಳೆಯದನ್ನು ಕಳಚುವುದುಂಟಾ ಕರುಣಾಕರಣ್ಣ? ಸೋಮವಾರದವರೆಗೆ ಇರಲಿ.”

“ಎಲ್ಲೋ ದೂರದಲ್ಲಿ ಯುದ್ಧ ಮಾಡುವ ದೇಶದ ಕಂಪನಿ ಮಾರಾಯ್ರೇ ಅದು! ಅಮೆರಿಕದವರೇ ಬೇಡ ಅಂದಿದ್ದಾರೆ. ನಮ್ಮವರ ಲೆಕ್ಕವೆಲ್ಲ ಅಲ್ಲಿಗೆ ಹೋದರೆ ನೀವು ಜವಾಬ್ದಾರಿಯಾ?”

ಹಮೀದರು ಒತ್ತಿದರು. ನಮ್ಮದೇ ಗಡಿಯಲ್ಲೂ ಡ್ರೋನುಗಳು ಹಾರುತ್ತಿವೆಯೆಂದು ಟೀವಿಗಳು ಹಗಲಿರುಳು ಕೂಗುತ್ತಿದ್ದ ವಾರ ಅದು. ಆ ಸಂಜೆ ಕಡಿಯಾಳಿಯ ಪ್ರಧಾನ ಕಚೇರಿಯಿಂದ ಕಾರ್ಕಳದವರೆಗೆ ಸಂಘದ ಯಾವ ಕಂಪ್ಯೂಟರಿಗೂ ಕಾವಲಿರಲಿಲ್ಲ.

ಉಡುಪಿ ಸೀಮೆಯ ಸಹಕಾರ ಸಂಘಗಳಿಗೆ ಕಂಪ್ಯೂಟರ್ ಕಾಲಿಟ್ಟ ದಿನಗಳಿಂದ ಆ ಯಂತ್ರಗಳನ್ನು ನಂಬುವುದು ಹೇಗೆ ಎಂದು ಯೋಚಿಸಿದವರು ಕೆಲವರೇ. ಶಾಹುಲ್ ಹಮೀದರು ಅವರಲ್ಲಿ ಮೊದಲ ಸಾಲಿನವರು. ಉದ್ಯಾವರದ ವ್ಯಾಪಾರಿ ಮನೆತನದಲ್ಲಿ ಹುಟ್ಟಿ, ಅಣ್ಣತಮ್ಮಂದಿರೆಲ್ಲ ಗಲ್ಫಿನ ವಿಮಾನ ಹತ್ತಿದರೂ ತಾವು ಸಂಘದ ಗಣಕ ವಿಭಾಗ ಸೇರಿ ಅಲ್ಲಿಯೇ ನರೆತರು. ಕಾರ್ಕಳ ಶಾಖೆಯ ಕುಶಲಾ ಅವರ ತಾಯಿ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಸಂಜೆಯ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ ಆಕೆಯ ದಿನದ ಲೆಕ್ಕ ಮುಗಿಸಿ ಬರುತ್ತಿದ್ದವರು ಅವರೇ. ಆಕೆ ರಜೆ ಕೇಳಿದ್ದಕ್ಕೆ ಗದರಿದ ಮೇಲಧಿಕಾರಿಗೆ ಅದು ಕೊನೆಯವರೆಗೂ ತಿಳಿಯಲಿಲ್ಲ.

ಆ್ಯಂಟಿವೈರಸ್ ಆರಿಸುವಲ್ಲಿ ಅವರದೊಂದು ಕ್ರಮವಿತ್ತು. ಕಾಪು ಶಾಖೆಯ ಒಳಕೋಣೆಯಲ್ಲಿ, ಸಂಘದ ಜಾಲಕ್ಕೆ ಸೇರಿಸದ, ಬೇರೆಯೇ ಇಂಟರ್ನೆಟ್ಟಿದ್ದ ಒಂಟಿ ಕಂಪ್ಯೂಟರೊಂದಿತ್ತು. ಅದರೊಳಗೆ ಬಂಗುಡೆ, ಬೂತಾಯಿ, ಅಂಜಲ್ ಎಂದು ಮೀನಿನ ಹೆಸರುಗಳ ಸುಳ್ಳು ಸದಸ್ಯರನ್ನು ತುಂಬಿಸಿದ್ದರು. ಹೊಸ ತಂತ್ರಾಂಶ ಮೊದಲು ಅಲ್ಲಿ ಕೆಲಸ ಮಾಡಬೇಕು. ಅದು ಏನನ್ನು ಹೊರಗೆ ಕಳಿಸುತ್ತದೆ, ಯಾವ ವಿಳಾಸಕ್ಕೆ ಕಳಿಸುತ್ತದೆ ಎಂಬುದನ್ನು ಹಮೀದರು ಕುಳಿತು ನೋಡಬೇಕು.

“ಬಂಗುಡೆಯ ಲೆಕ್ಕ ಊರು ಬಿಟ್ಟರೆ ಆ ಕಂಪನಿಯನ್ನೂ ನಾವು ಬಿಟ್ಟ ಹಾಗೆ,” ಎನ್ನುತ್ತಿದ್ದರು.

ಹಳೆಯದನ್ನು ಬದಲಿಸಬೇಕೆಂದು ಮೊದಲು ಬರೆದುಕೊಟ್ಟವರೂ ಅವರೇ ಎಂಬುದನ್ನು ಈಗ ಯಾರೂ ಹೇಳುವುದಿಲ್ಲ. ದೇಶದೇಶಗಳ ನಡುವೆ ವ್ಯವಹಾರ ಮುರಿದರೆ ಅಪ್‌ಡೇಟು ನಿಂತೀತು, ಅಲ್ಲಿನ ಸರಕಾರ ಮಾಹಿತಿ ಕೇಳಿದರೆ ಕಂಪನಿ ಇಲ್ಲವೆನ್ನಲಾರದು ಎಂಬುದು ಅವರ ಲೆಕ್ಕಾಚಾರ. ಕಂಪನಿಯ ಊರನ್ನು ಕೇಳಲೇಬೇಕು, ಆದರೆ ಊರು ಕೇಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎನ್ನುತ್ತಿದ್ದರು. ಅಧ್ಯಕ್ಷರು ಕರೆತಂದ ಏಜೆಂಟ್ ಟ್ರೆವರ್ ಹಿಡಿದು ಬಂದ ಹೊಸ ಆ್ಯಂಟಿವೈರಸ್ಸಿನ ಡಬ್ಬದ ಮೇಲೆ ತ್ರಿವರ್ಣವಿತ್ತು.

“ಸಂಶಯದ ಫೈಲು ಪರೀಕ್ಷೆಗೆ ಎಲ್ಲಿಗೆ ಹೋಗ್ತದೆ?” ಹಮೀದರು ಕೇಳಿದರು.

“ಕ್ಲೌಡಿಗೆ ಸರ್.”

“ಅದು ಯಾವ ದೇಶದಲ್ಲಿ ಉಂಟು?”

“ಕೇಳಿ ಹೇಳ್ತೇನೆ ಸರ್.”

ಟ್ರೆವರ್ ಕೇಳಿ ಹೇಳಲಿಲ್ಲ. ಆದರೂ ಆ ಡಬ್ಬವೇ ಸೋಮವಾರ ಬರುವುದೆಂದು ತೀರ್ಮಾನವಾಗಿತ್ತು.

ಹಳೆಯದನ್ನು ತೆಗೆದ ಮರುದಿನ, ಶನಿವಾರ, ಕರುಣಾಕರರು ಕಾರ್ಕಳ ಶಾಖೆಗೆ ಹೋಗಿ ತಮ್ಮ ಪೆನ್‌ಡ್ರೈವ್ ಕೊಟ್ಟು ಒಂದು ಸೂಚನಾಪತ್ರ ಮುದ್ರಿಸಿಕೊಂಡರು. ಸೈಬರ್ ದಾಳಿಯ ಬಗ್ಗೆ ಎಚ್ಚರವಿರಲಿ ಎಂದು ಸದಸ್ಯರಿಗೆ ಬರೆದ ಸೂಚನೆ ಅದು. ಮಧ್ಯಾಹ್ನದ ಹೊತ್ತಿಗೆ, ಪೆನ್‌ಡ್ರೈವಿನಿಂದ ನುಗ್ಗಿದ ವೈರಸ್ಸಿನಿಂದ ಶಾಖೆಯ ಫೈಲುಗಳೆಲ್ಲ ಬೀಗ ಬಿದ್ದು ಕುಳಿತವು. ಬೇರೆಯಾಗಿ ತೆಗೆದಿಟ್ಟಿದ್ದ ಪ್ರತಿಯಿಂದ ಹಮೀದರು ಎಲ್ಲವನ್ನೂ ಮರಳಿ ಕೂರಿಸಿದರು. ಯಾವ ಸದಸ್ಯನಿಗೂ ನಷ್ಟವಾಗಲಿಲ್ಲ. ನಷ್ಟವಾದದ್ದು ಹಮೀದರಿಗೆ.

ಮಂಗಳವಾರದ ಸಭೆಯಲ್ಲಿ ಕರುಣಾಕರರು ಗಂಟಲು ಸರಿಪಡಿಸಿಕೊಂಡರು. “ಮುಖ್ಯ ಪಾಸ್‌ವರ್ಡ್ ಸದ್ಯಕ್ಕೆ ಬೇರೆಯವರ ಹತ್ತಿರ ಇರಲಿ. ಈ ಗಡಿ ಗಲಾಟೆ ಎಲ್ಲ ತಣ್ಣಗಾಗಲಿ. ಸಾಹೇಬ್ರು ಬೇಸರ ಮಾಡುವುದು ಬೇಡ.”

“ಗಡಿಗೂ ಇವರಿಗೂ ಎಂತ ಸಂಬಂಧ?” ಕುಶಲಾ ಎದ್ದುನಿಂತರು. “ತೆಗೆಯಲಿಕ್ಕೆ ಹೇಳಿದ್ದು ನೀವಲ್ವಾ? ಪೆನ್‌ಡ್ರೈವೂ ನಿಮ್ಮದೇ.”

“ಸೂಕ್ಷ್ಮ ವಿಷಯ ಮೇಡಂ, ಕೂತುಕೊಳ್ಳಿ.”

ಉಳಿದವರು ಚಹಾದ ಲೋಟ ನೋಡುತ್ತ ಕುಳಿತರು. ಸಂಬಂಧವೇನೆಂದು ಆ ಕೋಣೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಮೀದರು ಪಾಸ್‌ವರ್ಡ್ ಬರೆದುಕೊಟ್ಟರು. ಗಡಿ ತಣ್ಣಗಾಯಿತು, ಟೀವಿಗಳು ಬೇರೆ ಸುದ್ದಿಗೆ ಹೋದವು, ಪಾಸ್‌ವರ್ಡ್ ಮಾತ್ರ ಮರಳಲಿಲ್ಲ. ಸೇವೆಯ ಕೊನೆಯ ವರ್ಷವನ್ನು ಅವರು ಪಕ್ಕದ ಕುರ್ಚಿಯಲ್ಲಿ ಕುಳಿತು, ಯಾವ ಗುಂಡಿ ಒತ್ತಬೇಕೆಂದು ಇನ್ನೊಬ್ಬರಿಗೆ ಹೇಳುತ್ತ ಕಳೆದರು. ಆಗಲೂ ತಪ್ಪು ಗುಂಡಿ ಹೇಳಲಿಲ್ಲ. ಮನೆಯಲ್ಲಿ ಮಡದಿ ಹಫೀಝಾ ಕೇಳಿದಾಗ, ಕೆಲಸ ಈಗ ಹಗುರ ಎಂದಷ್ಟೇ ಅಂದರು. ಆದರೆ ಜುಮ್ಮಾ ಮುಗಿಸಿ ಬರುವಾಗ ಊರಿನವರು ಸಂಘದ ಸುದ್ದಿ ಎತ್ತಿದರೆ, ಮಾತು ತಪ್ಪಿಸಿ ನಡೆಯತೊಡಗಿದ್ದರು.

ಹಮೀದರ ಈ ಅಭಿನಂದನಾ ಸಂಪುಟವನ್ನು ಅಚ್ಚು ಹಾಕಿಸುತ್ತಿರುವುದು ಅದೇ ಸಂಘ. ಆದ್ದರಿಂದ ಮೇಲಿನ ಮಾತುಗಳೂ ಇದರಲ್ಲಿಯೇ ಇರುವುದು ನ್ಯಾಯ. ಹಮೀದರಿಗೆ ದೇವರು ನೂರು ವರ್ಷ ಕೊಡಲಿ. ಉದ್ಯಾವರದ ಅಂಗಡಿಯವರು ತಮ್ಮ ಕಂಪ್ಯೂಟರುಗಳನ್ನು ಹೊತ್ತು ಅವರ ಜಗಲಿಗೆ ಬರುತ್ತಲೇ ಇರಲಿ, ಅವರ ಕೈ ಎಂದೂ ಬಿಡುವಾಗದಿರಲಿ.

ಬೀಳ್ಕೊಡುಗೆಯ ದಿನ ಕಡಿಯಾಳಿಯ ಕಚೇರಿಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದವು. ಕರುಣಾಕರರು ಮೈಕು ಹಿಡಿದು, ಸಾಹೇಬರನ್ನು ಇನ್ನೆರಡು ವರ್ಷ ಸಂಘದ ಸಲಹೆಗಾರರಾಗಿ ಇಟ್ಟುಕೊಳ್ಳುವುದಾಗಿ ಸಾರಿದರು. “ಇಂಥ ಸೂಕ್ಷ್ಮ ವಿಷಯಕ್ಕೆಲ್ಲ ಇವರಷ್ಟು ನಂಬಿಕಸ್ಥರು ನಮಗೆ ಬೇರೆ ಯಾರುಂಟು?” ಎಂದರು. ಚಪ್ಪಾಳೆ ಬಿತ್ತು. ಮೈಕು ಹಮೀದರ ಕೈಗೆ ಬಂತು.

“ಬೇಡ,” ಎಂದರು ಅವರು. “ನಾನು ಬರುವುದಿಲ್ಲ.”